ರಾಗಿ ಉಂಡೆ ಕೊನೆಗೂ ಗಾಳದಲ್ಲಿ ನಿಂತಿತು

ಮೂರು ಭಾನುವಾರ ಬರಿಗೈಲಿ ಬಂದಿದ್ದೆವು. ಮೊನ್ನೆ ನಾಲ್ಕನೇ ಸಲ ಗೆಂಡೆ ಮೀನು ಬಿತ್ತು, ಹತ್ತಿರ ಹತ್ತಿರ ಎರಡು ಕೆಜಿ! ಕೊಡಗಿನ ಸಿದ್ದಾಪುರದ ಕಡೆ ನೆಂಟರ ಕಾಫಿ ತೋಟದ ಕೆರೆಯಲ್ಲಿ, ಅಪ್ಪನ ಜೊತೆ.

ರಾಡ್, ರೀಲು, ತಂಗೂಸಿ ಎಲ್ಲ ಸರಿಯಿತ್ತು. ಕಾಟ ಕೊಟ್ಟಿದ್ದು ಗಾಳಕ್ಕೆ ಚುಚ್ಚುವ ರಾಗಿ ಉಂಡೆ. ಬೀಸಿ ಎಸೆಯುವಾಗಲೇ ಅರ್ಧ ಉದುರುತ್ತಿತ್ತು. ಉಳಿದದ್ದನ್ನು ಸಣ್ಣ ಮೀನುಗಳು ಕುಕ್ಕಿ ಮುಗಿಸುತ್ತಿದ್ದವು. ಬೆಂಡು ಕುಣಿಯೋದು, ಎಳೆದರೆ ಬರೀ ಗಾಳ. ಎರೆಹುಳು ಇನ್ನೂ ಬೇಗ ಖಾಲಿ.

ಮನೆಯಲ್ಲಿ ಗಾಜಿನ ಲೋಟಕ್ಕೆ ನೀರು ತುಂಬಿ, ಉಂಡೆ ಚುಚ್ಚಿದ ಗಾಳ ಇಳಿಬಿಟ್ಟೆ. ನಾಲ್ಕೇ ನಿಮಿಷ. ಅಂಚಿನಿಂದ ಹೊಗೆಯ ಹಾಗೆ ಬಿಚ್ಚಿಕೊಂಡು ತಳ ಸೇರಿತು. ರಾಗಿಗೆ ಗೋಧಿಯ ಜಿಗುಟಿಲ್ಲ ಅಲ್ವಾ. ಮೈದಾ ಬೆರೆಸಿದೆ. ನಿಂತಿತು, ಆದರೆ ತುಂಬಾ ಮೆತ್ತಗೆ. ಸಣ್ಣ ಮೀನಿಗೆ ಹಬ್ಬ.

ಅಪ್ಪ ಲೋಟ ನೋಡಿ, "ಹಸಿ ಹಿಟ್ಟು ಯಾಕೆ ಹಾಕ್ತೀಯ? ಬೇಯಿಸು ಮಗಾ. ಕಾವೇರಿಯಲ್ಲಿ ಮಹಶೀರ್ ಮೀನಿಗೆ ಬೇಯಿಸಿದ್ದನ್ನೇ ಹಾಕ್ತಿದ್ದದ್ದು" ಅಂದರು.

ಒಂದು ಲೋಟ ರಾಗಿ ಹಿಟ್ಟು, ಎರಡು ಚಮಚ ಮೈದಾ. ಗಟ್ಟಿಯಾಗಿ ಕಲಸಿ, ಗೋಲಿ ಗಾತ್ರದ ಉಂಡೆ ಮಾಡಿ ಕುದಿಯುವ ನೀರಿಗೆ ಬಿಟ್ಟೆವು. ಐದಾರು ನಿಮಿಷಕ್ಕೆ ತೆಗೆದು ಬಾಳೆ ಎಲೆ ಮೇಲೆ ಆರಿಸಿದೆವು. ಬೆಂದಾಗ ಹಿಟ್ಟು ಉಬ್ಬಿ ಒಂದಕ್ಕೊಂದು ಅಂಟುತ್ತದೆ, ಮುದ್ದೆಯ ಹಾಗೇ. ಹೊರಗೆ ರಬ್ಬರಿನಂಥ ಸಿಪ್ಪೆ, ಒಳಗೆ ಮೆದು. ಉಗುರು ಒತ್ತಿದರೂ ಗುರುತು ಬೀಳಲಿಲ್ಲ. ಲೋಟದಲ್ಲಿ 40 ನಿಮಿಷ ಅಲ್ಲಾಡಲಿಲ್ಲ. ಗಾಳದ ಮೊನೆ ಮಾತ್ರ ಚೂರು ಹೊರಗೆ ಇರಲೇಬೇಕು, ಇಲ್ಲದಿದ್ದರೆ ತುಟಿಗೆ ಚುಚ್ಚಲ್ಲ.

ಆನ್‌ಲೈನಲ್ಲಿ ತರಿಸಿದ ಗಾಳಗಳ ಬಗ್ಗೆ ನನಗೆ ಸಿಟ್ಟಿದೆ. ಹತ್ತರಲ್ಲಿ ಎರಡು, ಮೀನು ಎಳೆದಾಗ ನೆಟ್ಟಗಾಗಿಬಿಟ್ಟವು. ಕೊಳ್ಳುವ ಮುಂಚೆ ಇಕ್ಕಳದಲ್ಲಿ ಬಗ್ಗಿಸಿ ನೋಡೋಕೆ ಅಂಗಡಿಯೇ ವಾಸಿ.

ಈ ಉಂಡೆ ಹಿಡಿದು ಹೊಳೆಗೆ ಹೋಗಲ್ಲ. ಕಿತ್ತಳೆ ರೆಕ್ಕೆಯ ಮಹಶೀರ್ ಕಾವೇರಿ ಸೀಮೆಯಲ್ಲಿ ಮಾತ್ರ ಇರೋದು. 2018ರಲ್ಲಿ ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಅಪ್ಪ ಚಿಕ್ಕಂದಿನಲ್ಲಿ ದಡದಿಂದಲೇ ನೋಡಿದ್ದಂತೆ. ನನಗೂ ಒಮ್ಮೆ ನೀರಲ್ಲೇ ನೋಡಬೇಕು.

ಮುಂದಿನದು ಬಿದಿರಿನ ಗಾಳದ ಕೋಲು. ಕಿರುಬಿದಿರೇ ಬೇಕು, ಒಳಗೆ ಟೊಳ್ಳು ಕಮ್ಮಿ. ಅಪ್ಪ ಬೇಸಿಗೆಯಲ್ಲೇ ಎರಡು ಗಳ ಕಡಿದು ಅಟ್ಟದಲ್ಲಿ ಇಟ್ಟಿದ್ದಾರೆ. ನೆಟ್ಟಗಿರಲಿ ಅಂತ ತುದಿಗೆ ಕಲ್ಲು ಕಟ್ಟಿದ್ದಾರೆ.