ಪಕ್ಷದ ಕೆಲಸ ಮಾಡಬೇಕು ಅಂತಿದೆ, ಎಲ್ಲಿಂದ ಶುರು ಮಾಡಲಿ?

ಡಿಗ್ರಿ ಮುಗಿಸಿದ, ಮುಗಿಸುತ್ತಿರುವ ಹುಡುಗ ಹುಡುಗಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ತೀರ್ಥಹಳ್ಳಿಯವರು ಕೇಳಲಿ, ಸೊರಬದವರು ಕೇಳಲಿ, ಯಾವ ಪಕ್ಷದವರೇ ಕೇಳಲಿ, ಉತ್ತರ ಒಂದೇ. ನಿಮ್ಮ ಬೂತಿನ ಮತದಾರರ ಪಟ್ಟಿಯಿಂದ ಶುರು ಮಾಡಿ.

ಬಾವುಟ ಹಿಡಿಯುವವರು, ನಾಯಕರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವವರು ಎಲ್ಲ ಪಕ್ಷದಲ್ಲೂ ಬೇಕಾದಷ್ಟಿದ್ದಾರೆ. ಆದರೆ ಆ ದಿಬ್ಬದ ಮೇಲಿನ ಮನೆಯಲ್ಲಿ ಯಾರಿದ್ದಾರೆ, ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆ, ಅಜ್ಜಿ ನಡೆದು ಬೂತಿಗೆ ಬರುತ್ತಾರಾ ಎಂದು ಹೇಳಬಲ್ಲವರು ಬೆರಳೆಣಿಕೆಯಷ್ಟು. 1951ರಲ್ಲಿ ಭೂಮಾಲೀಕರ ವಿರುದ್ಧ ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆಯಿತು, 1952ರಲ್ಲಿ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರದಿಂದ ವಿಧಾನಸಭೆಗೆ ಗೆದ್ದರು. ಗೇಣಿದಾರರ ಅಂಗಳಕ್ಕೆ ಹೋಗಿ ಕೂತು ಕಟ್ಟಿದ ರಾಜಕಾರಣ ಅದು. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಕಾರ್ಯಕರ್ತ ಎಂಬ ಮಾತಿಗೆ ತೂಕ ಬಂದದ್ದು ಹಾಗೆ.

ಸದಸ್ಯತ್ವದ ವಿಷಯ ಬೇಗ ಮುಗಿಸುತ್ತೇನೆ. ಮಿಸ್ಡ್ ಕಾಲ್ ಕೊಟ್ಟರೆ ನಂಬರ್ ಸಿಗುತ್ತದೆ, ಕೆಲಸ ಸಿಗುವುದಿಲ್ಲ. ನಿಮ್ಮ ಬೂತ್ ಸಮಿತಿಯ ಅಧ್ಯಕ್ಷರು ಯಾರೆಂದು ವಿಚಾರಿಸಿ, ಮನೆಗೇ ಹೋಗಿ, "ಪಟ್ಟಿ ಪರಿಶೀಲನೆ ನಾನು ಮಾಡುತ್ತೇನೆ" ಎಂದು ಹೇಳಿ. ಬೇಡ ಎನ್ನುವ ಅಧ್ಯಕ್ಷರು ಅಪರೂಪ. ಸರ್ಕಾರಿ ನೌಕರಿಯಲ್ಲಿರುವವರು ಪಕ್ಷದ ಸದಸ್ಯರಾಗುವಂತಿಲ್ಲ, ಪ್ರಚಾರ ಮಾಡುವಂತಿಲ್ಲ. ಕೆಲಸಕ್ಕೆ ಸೇರಿದ ಮೇಲೂ ಪಕ್ಷದ ಗ್ರೂಪಿನಲ್ಲಿ ಪೋಸ್ಟ್ ಹಾಕುತ್ತಿದ್ದರೆ ತೊಂದರೆ ಖಂಡಿತ.

ಈಗ ಪಟ್ಟಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯವರ ಜಾಲತಾಣದಲ್ಲಿ ಕ್ಷೇತ್ರ ಮತ್ತು ಭಾಗ ಸಂಖ್ಯೆ (ನಿಮ್ಮ ಬೂತಿನ ಪಟ್ಟಿಯ ನಂಬರ್) ಕೊಟ್ಟರೆ ಸಿಗುತ್ತದೆ. ಒಂದು ಪುಟದಲ್ಲಿ 30 ಹೆಸರು. 600 ಹೆಸರಿನ ಬೂತ್ ಎಂದಿಟ್ಟುಕೊಂಡರೆ 20 ಪುಟ, ಸುಮಾರು 150 ಮನೆ. ಒಂದೇ ಬದಿಗೆ ಪ್ರಿಂಟ್ ಹಾಕಿಸಿ, ಹಿಂಬದಿ ಬರೆದುಕೊಳ್ಳಲು ಬೇಕು. ಗುರುತುಗಳನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಊರಲ್ಲೇ ಇರುವವರಿಗೆ ಸರಿ ಗುರುತು, ಬೆಂಗಳೂರಲ್ಲಿರುವವರಿಗೆ 'ಬೆ', ಮದುವೆಯಾಗಿ ಹೋದವರಿಗೆ 'ಮ', ತೀರಿಕೊಂಡವರಿಗೆ 'ತೀ', 85 ದಾಟಿದವರಿಗೆ 'ಹಿ'. 'ಬೆ' ಪಕ್ಕದಲ್ಲಿ ಫೋನ್ ನಂಬರ್ ಇರಲೇಬೇಕು, ಏಕೆಂದರೆ ಚುನಾವಣೆಯ ವಾರ ಅವರು ಬಸ್ ಹತ್ತುತ್ತಾರೋ ಇಲ್ಲವೋ ಎಂಬುದೇ ದೊಡ್ಡ ಪ್ರಶ್ನೆಯಾಗುತ್ತದೆ. ಪುಟದ ಹಿಂದೆ, ಆ ಮನೆಗಳಲ್ಲಿ 17 ತುಂಬಿದ ಮಕ್ಕಳ ಹೆಸರು. ಆ ಹಾಳೆ ಯಾರ್ಯಾರ ಕೈಗೋ ಹೋಗಬಾರದು, ಫೋಟೊ ತೆಗೆದು ಗ್ರೂಪಿಗೆ ಹಾಕಬಾರದು. ಜನ ನಿಮ್ಮನ್ನು ನಂಬಿ ಹೇಳಿದ್ದು ಅದು.

ಪಟ್ಟಿಯ ಮನೆ ನಂಬರ್ ಹಿಡಿದು ಹೊರಟರೆ ಮಲೆನಾಡಿನಲ್ಲಿ ದಾರಿ ತಪ್ಪುತ್ತದೆ. 12ನೇ ನಂಬರ್ ಟಾರ್ ರಸ್ತೆ ಪಕ್ಕದಲ್ಲಿದ್ದರೆ 13ನೆಯದು ಹಳ್ಳದಾಚೆ, ಗುಡ್ಡದ ಹಿಂದೆ. ಆದ್ದರಿಂದ ಮೊದಲ ದಿನವೇ ಒಂದು ಹಾಳೆಯಲ್ಲಿ ನಿಮ್ಮದೇ ನಕ್ಷೆ ಬರೆಯಿರಿ. ಬಸ್ ಸ್ಟಾಪು, ಕಾಲುಸಂಕ, ಉಣುಗೋಲು, ಬೈಕ್ ಎಲ್ಲಿಯವರೆಗೆ ಹೋಗುತ್ತದೆ, ಯಾವ ಮನೆ ಯಾವ ದಾರಿಯಲ್ಲಿ. ಎಲ್ಲೆಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಎಂಬುದನ್ನೂ ಗುರುತಿಸಿ. ಮತದಾನದ ದಿನ ಆ ಮನೆಗಳಿಗೆ ಫೋನ್ ಮಾಡುವ ಯೋಜನೆ ಹಾಕಿ ಕೈಕಟ್ಟಿ ಕೂರುವ ತಂಡಗಳೇ ಹೆಚ್ಚು.

ಹೋಗುವ ಹೊತ್ತೂ ಮುಖ್ಯ. ಮಳೆಗಾಲದಲ್ಲಿ ಸಂಕ ದಾಟುವುದೇ ಅಪಾಯ. ಕೂಲಿಗೆ ಹೋಗುವವರ ಮನೆಗೆ ಬೆಳಿಗ್ಗೆ ಎಂಟರೊಳಗೆ ಹೋಗಬೇಕು. ತೋಟದವರ ಮನೆಗೆ ಅಡಿಕೆ ಕೊಯ್ಲಿನ ತಿಂಗಳುಗಳೇ ಒಳ್ಳೆಯದು, ಸಂಜೆ ಅಡಿಕೆ ಸುಲಿಯಲು ಕೂತಾಗ ಮನೆಯವರು, ಕೆಲಸದವರು ಎಲ್ಲ ಒಂದೇ ಕಡೆ ಸಿಗುತ್ತಾರೆ. ಒಂದು ಸಂಜೆಗೆ ಎಂಟು ಹತ್ತು ಮನೆ, ಅದಕ್ಕಿಂತ ಹೆಚ್ಚಿಲ್ಲ. ಇಬ್ಬರು ಕೂಡಿ ಮಾಡಿದರೆ 150 ಮನೆಗೆ ಹದಿನೈದು ಇಪ್ಪತ್ತು ಸಂಜೆ ಬೇಕು. ಆ ಇಬ್ಬರಲ್ಲಿ ಒಬ್ಬರು ಹುಡುಗಿಯಾಗಿರಲಿ. ಯಾರು ಯಾವಾಗ ಊರಿಗೆ ಬರುತ್ತಾರೆ, ಯಾರ ಕಾರ್ಡ್ ಕಳೆದಿದೆ ಎಂಬುದು ಅಡುಗೆಮನೆಯಲ್ಲಿ ಗೊತ್ತಿರುತ್ತದೆ, ಜಗಲಿಯಲ್ಲಲ್ಲ. ಹೆಣ್ಣುಮಕ್ಕಳನ್ನು ಪೂರ್ಣಕುಂಭ ಹೊರಲಿಕ್ಕಷ್ಟೇ ಕರೆಯುವ ಪದ್ಧತಿಯಿಂದ ಪಕ್ಷಗಳು ಕಳೆದುಕೊಂಡಿರುವುದು ಬಹಳ.

ಜಗಲಿಯಲ್ಲಿ ಕೂತು "ಅಮ್ಮಾ, ಪಟ್ಟಿಯಲ್ಲಿ ನಿಮ್ಮ ಮನೆಯವರ ಹೆಸರು ಸರಿಯಿದೆಯಾ ನೋಡ್ತೀರಾ?" ಎಂದು ಶುರು ಮಾಡಿ. ಯಾರಿಗೆ ವೋಟು ಎಂದು ಮೊದಲ ಭೇಟಿಯಲ್ಲಿ ಕೇಳಬೇಡಿ. ಕೇಳಿದರೆ ಎಲ್ಲ ಪಕ್ಷದವರಿಗೂ ಹೇಳುವ ಉತ್ತರವನ್ನೇ ನಿಮಗೂ ಹೇಳುತ್ತಾರೆ.

ಅರ್ಜಿಗಳಲ್ಲಿ ತಪ್ಪಾಗುವುದು ಹೆಚ್ಚಾಗಿ ಒಂದೇ ಕಡೆ. ಹೊಸ ಸೇರ್ಪಡೆಗೆ ನಮೂನೆ 6, ತೆಗೆಸಲು ಅಥವಾ ಆಕ್ಷೇಪಿಸಲು 7, ವಿಳಾಸ ಬದಲಾವಣೆ, ತಿದ್ದುಪಡಿ, ಕಳೆದ ಕಾರ್ಡಿಗೆ 8. ಹೊಸನಗರದಿಂದ ಸಾಗರಕ್ಕೆ ಮದುವೆಯಾಗಿ ಹೋದವಳಿಗೆ ಬೇಕಾದ್ದು 8. ಗಡಿಬಿಡಿಯಲ್ಲಿ 6 ತುಂಬಿಸಿದರೆ ತವರಿನಲ್ಲೂ ಗಂಡನ ಮನೆಯಲ್ಲೂ ಹೆಸರು ಉಳಿಯುತ್ತದೆ. ಎರಡು ಕಡೆ ಹೆಸರಿರುವಂತಿಲ್ಲ. ಗೊತ್ತಿದ್ದೂ ಸುಳ್ಳು ಘೋಷಣೆ ಕೊಟ್ಟರೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 31ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು. ಹೊಸಬರಿಗೆ ಈಗ ಜನವರಿ 1 ಮಾತ್ರವಲ್ಲ, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1ಕ್ಕೂ 18 ತುಂಬಿದರೆ ಸಾಕು. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು.

ಪಕ್ಷ ನಿಮ್ಮನ್ನು ಬಿಎಲ್‌ಎ, ಅಂದರೆ ಬೂತ್ ಮಟ್ಟದ ಏಜೆಂಟ್ ಎಂದು ನೇಮಿಸಿದರೆ ನೀವೇ ಅರ್ಜಿಗಳನ್ನು ಒಟ್ಟು ಮಾಡಿ ಬಿಎಲ್‌ಒಗೆ, ಅಂದರೆ ಬೂತ್ ಮಟ್ಟದ ಸರ್ಕಾರಿ ಅಧಿಕಾರಿಗೆ ಕೊಡಬಹುದು. ಸಾಮಾನ್ಯ ಪರಿಷ್ಕರಣೆಯ ಹೊತ್ತಿನಲ್ಲಿ ದಿನಕ್ಕೆ 10ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಒಟ್ಟು 30 ದಾಟಿದರೆ ಮೇಲಧಿಕಾರಿಗಳೇ ಮರುಪರಿಶೀಲನೆ ಮಾಡುತ್ತಾರೆ. ಖುದ್ದು ನೋಡಿದ್ದೇನೆ ಎಂಬ ಘೋಷಣೆಗೆ ಸಹಿ ಹಾಕುವವರು ನೀವು, ಹಾಗಾಗಿ ನೋಡದ ಮನೆಯ ಅರ್ಜಿ ಮುಟ್ಟಬೇಡಿ. ವಿರೋಧಿ ಪಕ್ಷದ ಮನೆ ಎಂದು ನಮೂನೆ 7 ಹಾಕುವುದಂತೂ ಒಬ್ಬ ಮನುಷ್ಯನ ಹಕ್ಕನ್ನೇ ಕಿತ್ತುಕೊಳ್ಳುವ ಕೆಲಸ. ಯಾರು ಹೇಳಿದರೂ ಮಾಡಬೇಡಿ.

ಮನೆ ಮನೆಗೆ ಹೋದಿರೆಂದರೆ ಪಟ್ಟಿಯ ಮಾತು ಐದು ನಿಮಿಷದಲ್ಲಿ ಮುಗಿದು, "ನಮ್ಮ ಬಗರ್‌ಹುಕುಂ ಅರ್ಜಿ ಏನಾಯ್ತು ತಮ್ಮಾ?" ಎಂಬ ಮಾತು ಬಂದೇ ಬರುತ್ತದೆ. ಸರ್ಕಾರಿ ಜಮೀನಿನ ಸಾಗುವಳಿಯನ್ನು ಸಕ್ರಮ ಮಾಡಿಸುವ ಅರ್ಜಿ ಅದು. ಶರಾವತಿ ಅಣೆಕಟ್ಟಿನಲ್ಲಿ ಜಮೀನು ಮುಳುಗಿದವರ ಮನೆಯಾದರೆ ಅದು ಎರಡು ಮೂರು ತಲೆಮಾರಿನ ಪ್ರಶ್ನೆ. "ಮಾಡಿಸಿಕೊಡ್ತೀವಿ" ಎಂಬ ಮಾತು ಬಾಯಿಂದ ಬರಬಾರದು. ಕೊಟ್ಟದ್ದು ನಮೂನೆ 50ಓ, 53ಓ, 57ಓ, ಯಾವ ವರ್ಷ, ಸರ್ವೆ ನಂಬರ್ ಎಷ್ಟು, ಸ್ವೀಕೃತಿ ಇದೆಯಾ, ಇಷ್ಟನ್ನು ಬರೆದುಕೊಳ್ಳಿ. ಅರಣ್ಯ ಹಕ್ಕು ಕಾಯ್ದೆಯ ಅರ್ಜಿಯಾದರೆ, ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ 75 ವರ್ಷ ಅಲ್ಲಿದ್ದುದನ್ನು ತೋರಿಸಬೇಕು. ಹೆಚ್ಚಿನ ಅರ್ಜಿಗಳು ಸಿಕ್ಕಿಬೀಳುವುದೇ ಅಲ್ಲಿ. ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗಿರಬೇಕು. 30 ದಿನದಲ್ಲಿ ಉತ್ತರ ಬರಬೇಕು. ಬಂದ ಉತ್ತರ ಕೆಟ್ಟದ್ದಾದರೂ ಅದನ್ನು ಆ ಮನೆಗೆ ಮುಟ್ಟಿಸಿ. ಕೇಳಿದ್ದಕ್ಕೆ ತಿರುಗಿ ಬಂದು ಹೇಳುವವರನ್ನು ಜನ ಮರೆಯುವುದಿಲ್ಲ.

ಗ್ರಾಮ ಪಂಚಾಯಿತಿ ಚುನಾವಣೆ ನಮ್ಮಲ್ಲಿ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಅಲ್ಲಿ ಹಂಚಿಹೋದ ಮನಸ್ಸುಗಳು ವಿಧಾನಸಭೆ ಹೊತ್ತಿಗೂ ಕೂಡುವುದಿಲ್ಲ, ಒಂದೇ ಪಕ್ಷದ ಇಬ್ಬರು ಎದುರಾಬದುರು ನಿಂತ ವಾರ್ಡಿನಲ್ಲಿ ಹೊಸಬರು ಯಾರ ಕಡೆಯೂ ವಾಲದೆ ಇರುವುದು ಕ್ಷೇಮ.

ಕೇಸಿನ ಬಗ್ಗೆ ಒಂದು ಮಾತು. ಪ್ರತಿಭಟನೆಗೆ ಹೋಗಿ, ಅದು ನಿಮ್ಮ ಹಕ್ಕು. ಆದರೆ ಅನುಮತಿ ಪತ್ರ ಯಾರ ಹೆಸರಿನಲ್ಲಿದೆ ಎಂದು ಕೇಳಿಕೊಂಡು ಹೋಗಿ. ಪೊಲೀಸ್ ಕೆಲಸಕ್ಕೋ ಪಾಸ್‌ಪೋರ್ಟಿಗೋ ಅರ್ಜಿ ಹಾಕಿದಾಗ ಎಫ್‌ಐಆರ್ ಎದ್ದು ಬರುತ್ತದೆ. ಆಗ ಕರೆದುಕೊಂಡು ಹೋದ ಮುಖಂಡರು ಜೊತೆಗಿರುತ್ತಾರೆ ಎಂಬ ಭರವಸೆ ಇಲ್ಲ. ಕರಪತ್ರ ಹಂಚುವ ಮೊದಲು ಕೆಳಗೆ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇದೆಯಾ ನೋಡಿ, ಇಲ್ಲದಿದ್ದರೆ ಅದು ಅಪರಾಧ. ನೋಟು ಹಂಚುವ ಕವರ್ ಕೈಗೆ ಕೊಟ್ಟರೆ ಅಲ್ಲೇ ವಾಪಸ್ ಕೊಡಿ. ಸಿಕ್ಕಿಬಿದ್ದರೆ ಕೇಸು ಬೀಳುವುದು ಕವರ್ ಹಿಡಿದ ಕೈಯ ಮೇಲೆ.

ಚುನಾವಣೆ ಘೋಷಣೆಯಾದ ಮೇಲೆ ನಿಮ್ಮ 'ಹಿ' ಗುರುತು ಕೆಲಸಕ್ಕೆ ಬರುತ್ತದೆ. 85 ದಾಟಿದವರು, ಶೇ 40ರಷ್ಟಾದರೂ ಅಂಗವೈಕಲ್ಯ ಇರುವವರು ನಮೂನೆ 12ಡಿ ಕೊಟ್ಟರೆ ಮನೆಯಲ್ಲೇ ಮತ ಹಾಕಬಹುದು. ಅಧಿಸೂಚನೆಯಾಗಿ ಐದು ದಿನದೊಳಗೆ ಕೊಡಬೇಕು. ಈ ಐದು ದಿನ ಪ್ರಚಾರದ ಗದ್ದಲದಲ್ಲಿ ಕಳೆದೇಹೋಗುತ್ತದೆ, ಆಮೇಲೆ ಅಜ್ಜಿಯನ್ನು ಕುರ್ಚಿಯಲ್ಲಿ ಹೊತ್ತು ತರಬೇಕಾಗುತ್ತದೆ.

ಮತದಾನದ ದಿನ ಏಜೆಂಟ್ ಆಗಿ ಕೂರುವ ಅವಕಾಶ ಸಿಕ್ಕರೆ ಬಿಡಬೇಡಿ. ಏಳಕ್ಕೆ ಮತದಾನವೆಂದರೆ ಯಂತ್ರ ಪರೀಕ್ಷಿಸುವ ಅಣಕು ಮತದಾನ ಐದೂವರೆಗೆ. ಕತ್ತಲಲ್ಲಿ ಗುಡ್ಡ ಇಳಿದು ಬರುವುದಾದರೆ ಹಿಂದಿನ ರಾತ್ರಿ ಶಾಲೆಯ ಹತ್ತಿರದ ಮನೆಯಲ್ಲೇ ಮಲಗಿ. ಅಭ್ಯರ್ಥಿ ಅಥವಾ ಚುನಾವಣಾ ಏಜೆಂಟ್ ಸಹಿ ಮಾಡಿದ ನಮೂನೆ 10 (ನಿಮ್ಮ ನೇಮಕದ ಪತ್ರ), ಗುರುತಿನ ಚೀಟಿ, ಪೆನ್ನು, ಪಟ್ಟಿ ತನ್ನಿ. ಫೋನ್ ಒಳಗೆ ಬಿಡುವುದಿಲ್ಲ. ಅಣಕು ಮತದಾನದಲ್ಲಿ ಕನಿಷ್ಠ 50 ಮತ, ನೋಟಾ ಸೇರಿ ಎಲ್ಲರಿಗೂ ಹಾಕಬೇಕು. ಮತ ಲೆಕ್ಕ ಇಡುವ ಕಂಟ್ರೋಲ್ ಯೂನಿಟ್ ತೋರಿಸುವ ಲೆಕ್ಕವನ್ನು, ಹಾಕಿದ ಮತವನ್ನು ಮುದ್ರಿಸಿ ತೋರಿಸುವ ವಿವಿಪ್ಯಾಟ್ ಯಂತ್ರದ ಚೀಟಿಗಳ ಜೊತೆ ಎಣಿಸಿ ತಾಳೆ ನೋಡಿ. ಆಮೇಲೆ ಕಣ್ಣು ಮಿಟುಕಿಸದೆ ನೋಡಬೇಕಾದ್ದು ಕ್ಲಿಯರ್ ಗುಂಡಿ. ಅದನ್ನು ಒತ್ತಲು ಮರೆತರೆ ಅಣಕು ಮತಗಳು ಯಂತ್ರದ ಒಳಗೇ ಉಳಿಯುತ್ತವೆ. ಚೀಟಿಗಳನ್ನು ಡಬ್ಬಿಯಿಂದ ತೆಗೆದು ಕಪ್ಪು ಲಕೋಟೆಗೆ ಹಾಕಿ ಸೀಲ್ ಮಾಡಿದ ಮೇಲೆ ಪ್ರಮಾಣಪತ್ರಕ್ಕೆ ಸಹಿ ಹಾಕಿ.

ದಿನವಿಡೀ ಜಗಳ ಕಾಯುವುದಲ್ಲ ನಿಮ್ಮ ಕೆಲಸ. ಬಂದವನು ಪಟ್ಟಿಯಲ್ಲಿರುವ ಆ ಮತದಾರನಲ್ಲ ಎನ್ನಲು ಗಟ್ಟಿ ಕಾರಣವಿದ್ದರೆ 2 ರೂಪಾಯಿ ಕಟ್ಟಿ ಆಕ್ಷೇಪಿಸಬಹುದು. ನಿಜವಾದ ಮತದಾರ ಬಂದಾಗ ಅವನ ಮತ ಆಗಲೇ ಬಿದ್ದಿದ್ದರೆ, ಟೆಂಡರ್ಡ್ ಮತಪತ್ರ, ಅಂದರೆ ಯಂತ್ರದ ಬದಲು ಮತ ಹಾಕುವ ಕಾಗದದ ಪತ್ರ, ಕೇಳುವ ಹಕ್ಕು ಅವನಿಗಿದೆ ಎಂದು ಪ್ರಿಸೈಡಿಂಗ್ ಅಧಿಕಾರಿಗೆ ಸಮಾಧಾನವಾಗಿ ನೆನಪಿಸಿ.

ಮುಕ್ತಾಯದ ಹೊತ್ತಿಗೆ ಸಾಲಿನಲ್ಲಿರುವವರಿಗೆ ಕೊನೆಯವರಿಂದ ಶುರು ಮಾಡಿ ಮುಂದಿನವರತ್ತ ಚೀಟಿ ಕೊಡುತ್ತಾರೆ, ಅವರೆಲ್ಲರ ಮತ ಆಗಬೇಕು. ನಂತರ ಯಂತ್ರ ಮುಚ್ಚಿ ನಮೂನೆ 17ಸಿ ತುಂಬುತ್ತಾರೆ. ಅದರಲ್ಲಿ ಯಂತ್ರಗಳ ಸಂಖ್ಯೆ, ರಿಜಿಸ್ಟರಿನ ಪ್ರಕಾರ ಬಂದ ಮತದಾರರು, ಯಂತ್ರದಲ್ಲಿ ದಾಖಲಾದ ಮತ ಇರುತ್ತವೆ. ದಣಿದ ಏಜೆಂಟರು ಎದ್ದು ಹೋಗಿಬಿಡುವುದು ಇದೇ ಹೊತ್ತಿನಲ್ಲಿ. ನೀವು ಕೂತಿರಿ. ದೃಢೀಕರಿಸಿದ ನಕಲು ಪಡೆದು, ಅಂಕಿಗಳನ್ನು ಒಮ್ಮೆ ಓದಿ ನೋಡಿ, ಅದೇ ರಾತ್ರಿ ಪಕ್ಷದ ಎಣಿಕೆ ಏಜೆಂಟರ ಕೈಗೆ ಮುಟ್ಟಿಸಿ. ಎಣಿಕೆಯ ದಿನ ನಿಮ್ಮ ಬೂತಿನ ಯಂತ್ರ ಮೇಜಿಗೆ ಬಂದಾಗ ಅವರು ತಾಳೆ ನೋಡುವುದು ಆ ಹಾಳೆಯನ್ನೇ.