ತುಟಿ ಮುಚ್ಚುವವರೆಗೂ ಕಾಯಬೇಕು

ನಾನು ಹಳೆಯ ಕನ್ನಡ ಚಿತ್ರಗಳಿಗೆ ಕನ್ನಡದಲ್ಲೇ ಸಬ್‌ಟೈಟಲ್ ಬರೆಯುತ್ತೇನೆ. ಕನ್ನಡ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಕಿವಿ ಕೇಳದವರಿಗೆ, ವಯಸ್ಸಾಗಿ ಕಿವಿ ಮಂದವಾದವರಿಗೆ. ಅವರೂ ಕನ್ನಡದ ಪ್ರೇಕ್ಷಕರೇ ಅಲ್ವಾ?

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಪೂರ್ತಿ ಕಿವಿಯನ್ನೇ ನಂಬಿದ್ದೆ. ಸಾಫ್ಟ್‌ವೇರ್‌ನಲ್ಲಿ ಚಿತ್ರದ ಕೆಳಗೆ ಧ್ವನಿಯ ಗೆರೆ ಓಡುತ್ತದೆ. ಗೆರೆ ಎದ್ದಲ್ಲಿ ಸಾಲು ಶುರು, ಮಲಗಿದಲ್ಲಿ ಕೊನೆ. ಇಬ್ಬರು ಚುಟುಕಾಗಿ ಮಾತಾಡಿದರೆ ಪ್ರಶ್ನೆ ಮೇಲಿನ ಸಾಲಿನಲ್ಲಿ, ಉತ್ತರ ಕೆಳಗಿನ ಸಾಲಿನಲ್ಲಿ, ಎರಡನ್ನೂ ಒಟ್ಟಿಗೆ ಹಾಕುತ್ತಿದ್ದೆ. ಓದುವವರಿಗೆ ಸಮಯ ಜಾಸ್ತಿ ಸಿಗುತ್ತದೆ ಅಂತ ನನ್ನ ಲೆಕ್ಕ.

ಗಂಭೀರ ಚಿತ್ರಗಳಲ್ಲಿ ಇದು ನಡೆಯಿತು. ಆಮೇಲೆ ಒಂದು ಕಪ್ಪು ಬಿಳುಪು ಚಿತ್ರ ಬಂತು. ಅದರಲ್ಲಿ ಬಾಲಣ್ಣ ಇದ್ದರು. ಜನರನ್ನು ನಗಿಸುತ್ತಿದ್ದ ಹಳೆಯ ನಟ, ಅರಸೀಕೆರೆಯ ಟಿ. ಎನ್. ಬಾಲಕೃಷ್ಣ.

ನಮ್ಮ ಕೆಲಸವನ್ನು ಕೊನೆಗೆ ನೋಡುವವರು ಒಬ್ಬ ಹಿರಿಯ ಮೇಡಂ. ಅವರಿಗೆ ಚಿಕ್ಕಂದಿನಿಂದ ಕಿವಿ ಕೇಳುವುದಿಲ್ಲ. ನನ್ನ ಫೈಲ್ ವಾಪಸ್ ಬಂತು. ಜೊತೆಗೆ ಹೀಗೆ ಬರೆದಿದ್ದರು: "ಕಾಗುಣಿತ ಎಲ್ಲಾ ಸರಿ ಇದೆ. ಆದರೆ ನನಗೆ ಒಂದು ಸಲವೂ ನಗು ಬರಲಿಲ್ಲ. ಅವರು ಬಾಯಿ ತೆರೆಯುವ ಮೊದಲೇ ನಿಮ್ಮ ಅಕ್ಷರ ಉತ್ತರ ಹೇಳಿಬಿಟ್ಟಿತು. ಸೌಂಡ್ ತೆಗೆದು ಬಾಲಣ್ಣನವರನ್ನು ಒಮ್ಮೆ ನೋಡಿ."

ಬೇಸರವಾಯಿತು. ಆದರೂ ಸೌಂಡ್ ತೆಗೆದು ನೋಡಿದೆ.

ಬಾಲಣ್ಣನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡು ಮಾತು ಹೇಳುತ್ತಿದ್ದರು. ಈ ಸಂಗತಿ ನನಗೂ ಗೊತ್ತಿತ್ತು, ಆದರೆ ಸುಮ್ನೆ ಗೊತ್ತಿತ್ತು ಅಷ್ಟೇ. ಆ ದಿನ ಮೊದಲ ಸಲ ಕಣ್ಣಿಗೆ ಬಿತ್ತು. ಎದುರಿನವರು ಮಾತಾಡುವಾಗ ಬಾಲಣ್ಣನ ನೋಟ ಆಚೀಚೆ ಹೋಗುವುದಿಲ್ಲ. ಎದುರಿನ ತುಟಿ ನಿಲ್ಲುತ್ತದೆ. ಅವರ ಹುಬ್ಬು ಸ್ವಲ್ಪ ಮೇಲೇಳುತ್ತದೆ. ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಮಾತು. ಆ ಖಾಲಿ ಜಾಗವನ್ನು ನಾನು ಎಣಿಸಿದೆ. ಒಂದು ಕಡೆ 8 ಫ್ರೇಮ್ ಇತ್ತು. ಚಿತ್ರ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ, ಅಂದರೆ ಅದು ಸೆಕೆಂಡಿನ ಮೂರನೇ ಒಂದು ಭಾಗ. ನಗು ಹುಟ್ಟುತ್ತಿದ್ದದ್ದು ಅಲ್ಲೇ. ನಾನು ಅದರ ಮೇಲೆಯೇ ಎರಡು ಸಾಲು ಅಕ್ಷರ ಹೊದಿಸಿ ಕೂತಿದ್ದೆ.

ಜನರಿಗೆ ಅದು ತಮಾಷೆಯಾಗಿ ಕಂಡಿತು. ಬಾಲಣ್ಣನಿಗೆ ಅದು ಮಾತು ಅರ್ಥ ಮಾಡಿಕೊಳ್ಳುವ ದಾರಿಯೇ ಆಗಿತ್ತು ಅಂತ ನನಗೆ ಅನಿಸುತ್ತದೆ. ಎದುರಿನವರು ಹೇಳುವುದನ್ನು ಅಷ್ಟು ಪೂರ್ತಿಯಾಗಿ ತೆಗೆದುಕೊಳ್ಳುವ ನಟರನ್ನು ನಾನು ಹೆಚ್ಚು ನೋಡಿಲ್ಲ. ತಮ್ಮ ಸರದಿಗೆ ಕಾಯುವುದು ಬೇರೆ, ಎದುರಿನವರ ಮಾತಿಗೆ ಕಾಯುವುದು ಬೇರೆ.

ಆಮೇಲೆ ಅವರ ಬದುಕಿನ ಬಗ್ಗೆ ಹುಡುಕಿ ಓದತೊಡಗಿದೆ. ನಾಟಕದಿಂದ ಬಂದವರು. 1943ರ 'ರಾಧಾರಮಣ'ದಿಂದ ಚಿತ್ರರಂಗ. ಅಲ್ಲಿಂದ 500ಕ್ಕೂ ಹೆಚ್ಚು ಚಿತ್ರಗಳು. 1961ರ 'ಕಣ್ತೆರೆದು ನೋಡು' ಚಿತ್ರದಲ್ಲಿ ಕೆಟ್ಟವರಾಗಿ ಕಾಡಿದವರೇ 1972ರ 'ಬಂಗಾರದ ಮನುಷ್ಯ'ದ ರಾಚೂಟಪ್ಪ ಅಂದರೆ ನಂಬುವುದು ಕಷ್ಟ. ಕನ್ನಡ ಚಿತ್ರಗಳೇ ಕಡಿಮೆಯಾಗಿ ಕಲಾವಿದರಿಗೆ ಕೆಲಸವಿಲ್ಲದಾಗ ರಾಜ್‌ಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್ ಜೊತೆ ಸೇರಿ ಕಲಾವಿದರ ಸಂಘ ಕಟ್ಟಿದರು. ಊರೂರು ಸುತ್ತಿ ನಾಟಕ ಆಡಿದರು. 1960ರಲ್ಲಿ ಆ ಸಂಘದಿಂದಲೇ 'ರಣಧೀರ ಕಂಠೀರವ' ಬಂತು. ಚಿತ್ರೀಕರಣಕ್ಕೆ ಮದ್ರಾಸಿಗೆ ಹೋಗಬೇಕಾಗಿದ್ದ ಕಾಲದಲ್ಲಿ ಬೆಂಗಳೂರಿನಲ್ಲೇ ಅಭಿಮಾನ್ ಸ್ಟುಡಿಯೋ ಕಟ್ಟಲು ಹೊರಟರು. ಅದಕ್ಕಾಗಿ ದುಡ್ಡಿನ ಕಷ್ಟ ಬಹಳ ಪಟ್ಟರು. 1995ರಲ್ಲಿ ತೀರಿಕೊಂಡರು. ಅವರ ಹೆಸರು ಹೇಳಿದರೆ ಈಗಿನ ಹುಡುಗರು ಯಾರು ಅಂತ ಕೇಳುತ್ತಾರೆ. ಅದು ನನಗೆ ನೋವಿನ ವಿಷಯ.

ಆ ಫೈಲನ್ನು ಪೂರ್ತಿ ಬಿಚ್ಚಿ ಮತ್ತೆ ಮಾಡಿದೆ. ಪ್ರಶ್ನೆ ಒಂದು ಸಲ, ಉತ್ತರ ಇನ್ನೊಂದು ಸಲ. ಉತ್ತರ ಬರುವುದು ಬಾಯಿ ತೆರೆದಾಗ ಮಾತ್ರ, ಒಂದು ಫ್ರೇಮ್ ಕೂಡ ಮೊದಲಲ್ಲ. ಪ್ರಶ್ನೆಯ ಸಾಲು ಎದುರಿನವರ ತುಟಿ ಮುಚ್ಚುತ್ತಿದ್ದಂತೆ ಹೋಗಬೇಕು, ಆಗ ಓದುವವರ ಕಣ್ಣು ಬಾಲಣ್ಣನ ಮುಖಕ್ಕೆ ಏರುತ್ತದೆ. ಮಾತು ಉದ್ದವಾಗಿ ಓದಲು ಸಮಯ ಸಾಲದಿದ್ದರೆ ಮೊದಲ ಭಾಗದಲ್ಲಿ ಒಂದೆರಡು ಪದ ಬಿಡುತ್ತೇನೆ. ನಗು ತರುವ ಕೊನೆಯ ಪದವನ್ನು ಮಾತ್ರ ಮುಟ್ಟುವುದಿಲ್ಲ. ಮೂರು ದಿನದ ಕೆಲಸ ಒಂಬತ್ತು ದಿನ ಹಿಡಿಯಿತು. ಮೇಲಿನವರಿಗೆ ಕಾರಣ ವಿವರಿಸಬೇಕಾಯಿತು, ವಿವರಿಸಿದೆ.

ಮೇಡಂ ಎರಡನೇ ಸಲ ಫೈಲ್ ವಾಪಸ್ ಕಳಿಸಿದಾಗ ನಾಲ್ಕು ಕಡೆ ಗುರುತು ಹಾಕಿದ್ದರು. ಅವುಗಳಲ್ಲಿ ಮೂರು ತಪ್ಪುಗಳು. ನಾಲ್ಕನೆಯದರ ಎದುರು "ಇಲ್ಲಿ ನಕ್ಕೆ" ಅಂತ ಇತ್ತು.

ಈಗ ಯಾವ ಚಿತ್ರ ಬಂದರೂ ಮೊದಲು ಸೌಂಡ್ ಇಲ್ಲದೆ ಒಮ್ಮೆ ಪೂರ್ತಿ ನೋಡುತ್ತೇನೆ. ಒಂದು ತೊಡಕು ಮಾತ್ರ ಇನ್ನೂ ಬಿಡಿಸಲು ಆಗಿಲ್ಲ. ಬಾಲಣ್ಣ ಮತ್ತು ನರಸಿಂಹರಾಜು ಒಟ್ಟಿಗೆ ಇರುವ ದೃಶ್ಯಗಳಲ್ಲಿ ಕೆಲವೊಮ್ಮೆ ಇಬ್ಬರೂ ಒಂದೇ ಸಲ ಮಾತಾಡುತ್ತಾರೆ. ಆಗ ಯಾರ ಸಾಲು ಮೊದಲು ತರಬೇಕು? ಕಳೆದ ವಾರದಿಂದ ಅಂಥದ್ದೇ ಒಂದು ದೃಶ್ಯ ಇಟ್ಟುಕೊಂಡು ಕೂತಿದ್ದೇನೆ. ನಾಳೆ ಮೇಡಂ ಪಕ್ಕ ಕೂತು ನೋಡಬೇಕು ಅಂದುಕೊಂಡಿದ್ದೇನೆ.