ಒಂದು ಗುಂಟೆ ಜಾಗ, ಒಂದು ಜಿಪಿಎಸ್

9 ನವೆಂಬರ್ 2024, ಶನಿವಾರ
ಹಿಲ್ಸ್‌ಬರೋ, ಒರೆಗಾನ್

ಯಾವ ಜಿಪಿಎಸ್ ಇಟ್ಟುಕೊಳ್ಳೋದು ಅಂತ ಇವತ್ತು ತೀರ್ಮಾನ ಆಯಿತು. ಮೂರು ವಾರದಿಂದ ಮನೆಯಲ್ಲಿ ಇದೇ ಮಾತು. ದೀಪಾವಳಿಯ ಚಕ್ಕುಲಿ ಡಬ್ಬಿ ಮುಂದಿಟ್ಟುಕೊಂಡು ಅಪ್ಪ, ನಾನು, ಮಗ ಮೂವರೂ ಚರ್ಚೆ ಮಾಡಿದ್ದೇ ಮಾಡಿದ್ದು.

ಶುರುವಾಗಿದ್ದು ಹೋದ ತಿಂಗಳು, ಪೋರ್ಟ್‌ಲ್ಯಾಂಡ್‌ನ ಫಾರೆಸ್ಟ್ ಪಾರ್ಕಿನಲ್ಲಿ. ಮಗನಿಗೆ ಜಿಯೋಕ್ಯಾಶಿಂಗ್ ಹುಚ್ಚು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಯಾರೋ ಒಬ್ಬರು ಕಾಡಿನಲ್ಲೋ ರಸ್ತೆ ಬದಿಯಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶ ಪ್ರಕಟಿಸುತ್ತಾರೆ. ನಾವು ಹುಡುಕಿಕೊಂಡು ಹೋಗಬೇಕು. ಸಿಕ್ಕಿದರೆ ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿ ಇದ್ದ ಹಾಗೇ ಇಟ್ಟು ಬರಬೇಕು. ಅಷ್ಟೇ ಆಟ. ಆವತ್ತು ಫೋನ್ ನಂಬಿಕೊಂಡು ಹೋಗಿದ್ದೆವು. ಮಳೆ ಹಿಡಿಯಿತು. ಬೆರಳು ಯಾವುದು, ಹನಿ ಯಾವುದು ಅಂತ ಒದ್ದೆ ಪರದೆಗೆ ತಿಳಿಯದೆ ನಕ್ಷೆ ಎಲ್ಲೆಲ್ಲಿಗೋ ಜಾರುತ್ತಿತ್ತು. ಆಮೇಲೆ ಬ್ಯಾಟರಿ ಇನ್ನೂ ಇದೆ ಅನ್ನುವಾಗಲೇ ಫೋನ್ ಆಫ್ ಆಯಿತು. ಸುತ್ತ ದೊಡ್ಡ ದೊಡ್ಡ ಡಗ್ಲಸ್ ಫರ್ ಮರಗಳು, ಕತ್ತಲು ಇಳಿಯುತ್ತಿದೆ. ಬಂದ ದಾರಿ ನೆನಪಿತ್ತು, ಹಾಗಾಗಿ ತೊಂದರೆ ಆಗಲಿಲ್ಲ. ಆದರೆ ಮಗ ಕಾರಿಗೆ ಬರುವ ತನಕ ನನ್ನ ಕೈ ಬಿಡಲಿಲ್ಲ. ಕೈಯಲ್ಲಿ ಹಿಡಿಯುವ ಒಂದು ಜಿಪಿಎಸ್ ತಗೊಳ್ಳಲೇಬೇಕು ಅಂತ ಆ ರಾತ್ರಿಯೇ ನಿರ್ಧಾರ ಮಾಡಿದೆ. ಮಿತಿ 200 ಡಾಲರ್. ಅದರ ಮೇಲೆ ಒಂದು ಕಾಸೂ ಇಲ್ಲ.

ಅಪ್ಪ ಆರು ತಿಂಗಳಿಗೆ ಅಂತ ತೀರ್ಥಹಳ್ಳಿಯಿಂದ ಬಂದಿದ್ದಾರೆ. ಮೂವತ್ತು ವರ್ಷಕ್ಕೂ ಜಾಸ್ತಿ ಸರ್ವೆಯರ್ ಆಗಿದ್ದವರು. ಅಳೆಯುವ ಸರಪಳಿ, ಲಂಬಕೋನ ಹಿಡಿಯುವ ಕ್ರಾಸ್ ಸ್ಟಾಫ್, ಗಡಿಯ ಬಾಂದು ಕಲ್ಲು ಇವುಗಳ ನಡುವೆಯೇ ಕೆಲಸ ಮಾಡಿದವರು. ನಾನು ಅಂಗಡಿಗಳ ಪಟ್ಟಿ ತೆಗೆದು "ಅಪ್ಪಾ, ಇದು ಐದು ಮೀಟರ್ ಒಳಗೆ ತೋರಿಸುತ್ತಂತೆ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಆ ಕಡೆ ಐದು, ಈ ಕಡೆ ಐದು. ಒಟ್ಟು ಹತ್ತು ಮೀಟರ್. ಅಂದ್ರೆ 33 ಅಡಿ. ಒಂದು ಸರಪಳಿ. ನಿಮ್ಮ ಡಬ್ಬಿ ಒಂದು ಗುಂಟೆ ಒಳಗೆ ಎಲ್ಲೋ ಇದೆ ಅಂತಾಯ್ತು."

ಇಷ್ಟು ದಿನ ನಾನು ಮೀಟರಿನಲ್ಲಿ ಓದಿದ್ದು ತಲೆಗೆ ಹತ್ತಿರಲಿಲ್ಲ. ಗುಂಟೆ ಅಂದ ಕೂಡಲೇ ಕಣ್ಣಿಗೆ ಕಟ್ಟಿತು. 33 ಅಡಿ ಉದ್ದ, 33 ಅಡಿ ಅಗಲ. ನಮ್ಮ ಮನೆ ಹಿಂದಿನ ಹಿತ್ತಲಿನಷ್ಟು ಜಾಗ. ಅಷ್ಟರಲ್ಲಿ ಹುಡುಕಬಹುದು ಬಿಡಿ.

350, 500 ಡಾಲರಿನ ಜಿಪಿಎಸ್‌ಗಳ ಆಸೆಯನ್ನು ಬಿಡಿಸಿದ್ದೂ ಅಪ್ಪನೇ. ಅವುಗಳಲ್ಲಿ ಎರಡು ತರಂಗಗಳಲ್ಲಿ ಸಂಕೇತ ಹಿಡಿಯುವ ವ್ಯವಸ್ಥೆ ಇದೆ, ಮರದ ಕೆಳಗೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತವೆ, ನಿಜ. ಆದರೆ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ಡಬ್ಬಿ ಇಟ್ಟವನು ಯಾವುದರಲ್ಲಿ ಅಳೆದ? ಅವನ ಹತ್ತಿರವೂ ಒಂದು ಸಾದಾ ಫೋನೋ ಹಳೇ ಜಿಪಿಎಸ್ಸೋ ಇತ್ತು. ಅವನ ಅಂಕಿಯಲ್ಲೇ ನಾಲ್ಕೈದು ಮೀಟರ್ ಆಚೆ ಈಚೆ ಇರುತ್ತೆ. ಕಲ್ಲು ನೆಟ್ಟವನ ಸರಪಳಿಯೇ ಸಡಿಲ ಇದ್ದರೆ, ನಾವು ಎಷ್ಟು ಬಿಗಿ ಹಿಡಿದು ಅಳೆದರೇನು? ಜಿಯೋಕ್ಯಾಶಿಂಗ್‌ಗೆ ಅಂತ ದುಬಾರಿ ಜಿಪಿಎಸ್ ತಗೊಳ್ಳುವವರು ಇದೊಂದು ಮಾತು ಯೋಚಿಸಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತೆ.

ಹೋದ ವಾರ ಸೆಕೆಂಡ್ ಹ್ಯಾಂಡ್ ಕೂಡ ನೋಡಿದೆವು. 40 ಡಾಲರಿಗೆ ಒಂದು ಹಳದಿ ಬಣ್ಣದ ಹಳೇ ಜಿಪಿಎಸ್. ಹೊರಗಿನಿಂದ ಹೊಸದರ ಹಾಗೇ ಇತ್ತು. ಅಪ್ಪ ಆನ್ ಮಾಡಿ ನೋಡುವ ಮೊದಲು ಹಿಂದಿನ ಮುಚ್ಚಳ ತಿರುಗಿಸಿ ತೆಗೆದರು. ಸ್ಪ್ರಿಂಗ್ ಸುತ್ತ ಬಿಳಿ ಹಸಿರು ಪುಡಿ ಕಟ್ಟಿತ್ತು. ವರ್ಷಗಟ್ಟಲೆ ಸೆಲ್ ಒಳಗೇ ಬಿಟ್ಟು ಅದು ಸೋರಿದೆ. ಮುಚ್ಚಳದ ಒಳಗಿನ ರಬ್ಬರ್ ಪಟ್ಟಿ ಬಿರುಕು ಬಿಟ್ಟಿತ್ತು. ಆ ರಬ್ಬರ್ ಹೋದರೆ ನೀರು ತಡೆಯೋದೂ ಹೋಯಿತು. ಬೇಡ ಅಂತ ವಾಪಸ್ ಕೊಟ್ಟೆವು. ಹಳೇದು ತಗೊಳ್ಳುವವರು ದಯವಿಟ್ಟು ಮೊದಲು ಸೆಲ್ ಹಾಕುವ ಜಾಗ ನೋಡಿ.

ಕೊನೆಗೆ ಉಳಿದದ್ದು ಎರಡು. ಎರಡೂ ಗಾರ್ಮಿನ್ ಕಂಪನಿಯ ಈಟ್ರೆಕ್ಸ್. 2019ರಲ್ಲಿ ಬಂದ 22ಎಕ್ಸ್, ಇಲ್ಲಿ 200 ಡಾಲರ್. 2023ರಲ್ಲಿ ಬಂದ ಎಸ್ಇ, 150 ಡಾಲರ್. ಎರಡಕ್ಕೂ ಎರಡೆರಡು ಪೆನ್ಸಿಲ್ ಸೆಲ್. ಎರಡೂ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುವಂಥವು. ಎರಡರ ಪರದೆಯೂ 2.2 ಇಂಚು. 22ಎಕ್ಸ್ ಬಣ್ಣದ್ದು, ಒಳಗೆ ನಕ್ಷೆ ಇದೆ, ಮೆಮರಿ ಕಾರ್ಡ್ ಹಾಕಿ, ಜನರೇ ಸೇರಿ ಕಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಮಾಡಿದ ಪುಕ್ಕಟೆ ನಕ್ಷೆಗಳನ್ನೂ ತುಂಬಬಹುದು. ಎಸ್ಇ ಕಪ್ಪು ಬಿಳುಪು, ನಕ್ಷೆ ಇಲ್ಲವೇ ಇಲ್ಲ. ನಡೆದ ದಾರಿ ಒಂದು ಗೆರೆ, ಹೋಗುವ ಜಾಗ ಒಂದು ಗುರುತು, ಅಷ್ಟೇ. ಕಾಗದದ ಮೇಲೆ ನೋಡಿದರೆ 22ಎಕ್ಸ್ ಗೆದ್ದ ಹಾಗೆ. ನಾನೂ ಹಾಗೇ ಅಂದುಕೊಂಡಿದ್ದೆ. ಅಪ್ಪನಂತೂ "ನಕ್ಷೆ ಇಲ್ಲದೆ ಏನು ಸರ್ವೆ?" ಅಂತ ಎಸ್ಇ ಕಡೆ ತಿರುಗಿಯೂ ನೋಡಲಿಲ್ಲ.

22ಎಕ್ಸ್ ಅನ್ನು ಆಫೀಸಿನ ಸಹೋದ್ಯೋಗಿಯೊಬ್ಬರು ವಾರದ ಮಟ್ಟಿಗೆ ಕೊಟ್ಟರು. ಎಸ್ಇ ಅಂಗಡಿಯಿಂದ ತಂದೆ, ಬೇಡವಾದರೆ ವಾಪಸ್ ಕೊಡಬಹುದು. ಪರೀಕ್ಷೆ ಮಾಡಲು ಜಾಗ ಯಾವುದು? ಅಪ್ಪ ಹೇಳಿದರು, ಮೊದಲೇ ಅಂಕಿ ಗೊತ್ತಿರುವ ಒಂದು ಕಲ್ಲು ಬೇಕು ಅಂತ.

ಒರೆಗಾನ್‌ನಲ್ಲಿ ಅಂಥ ಜಾಗ ಒಂದಿದೆ! ಈ ಆಟ ಹುಟ್ಟಿದ್ದೇ ಇಲ್ಲಿ. 2000ನೇ ಇಸವಿ ಮೇ ಮೊದಲ ವಾರದ ತನಕ ಸಾರ್ವಜನಿಕರಿಗೆ ಸಿಗುವ ಜಿಪಿಎಸ್ ಸಂಕೇತದಲ್ಲಿ ಅಮೆರಿಕದ ಸರ್ಕಾರ ಬೇಕಂತಲೇ ತಪ್ಪು ಸೇರಿಸುತ್ತಿತ್ತು. ನೂರು ಮೀಟರ್ ತನಕ ಆಚೆ ಈಚೆ ಆಗುತ್ತಿತ್ತು. ಅದನ್ನು ನಿಲ್ಲಿಸಿದ ಬೆನ್ನಲ್ಲೇ, ಮೇ 3ರಂದು ಡೇವ್ ಅಲ್ಮರ್ ಎಂಬುವವರು ಬೀವರ್‌ಕ್ರೀಕ್ ಎಂಬ ಊರಿನ ಹತ್ತಿರ ಒಂದು ಕಪ್ಪು ಬಕೆಟ್ ಬಚ್ಚಿಟ್ಟು ಅಂಕಿ ಪ್ರಕಟಿಸಿದರು. ಒಳಗೆ ಪುಸ್ತಕ, ಸಾಫ್ಟ್‌ವೇರ್, ಕವಣೆ, ಒಂದು ಡಬ್ಬಿ ಬೀನ್ಸ್ ಕಾಳು. ಕೆಲವೇ ದಿನದಲ್ಲಿ ಒಬ್ಬರು ಹುಡುಕಿಯೇಬಿಟ್ಟರು. ಈಗ ಅಲ್ಲಿ ನೆನಪಿಗೆ ಒಂದು ಫಲಕ ಇದೆ. ಅಂಕಿ: ಉತ್ತರ 45 ಡಿಗ್ರಿ 17.460 ಮಿನಿಟ್, ಪಶ್ಚಿಮ 122 ಡಿಗ್ರಿ 24.800 ಮಿನಿಟ್.

ಕಾರಿನಲ್ಲಿ ಇದನ್ನು ಹೇಳುತ್ತಿದ್ದಾಗ ಅಪ್ಪ ಲೆಕ್ಕ ಹಾಕಿದರು. ಸುತ್ತ ನೂರು ಮೀಟರ್ ಅಂದ್ರೆ ಏಳೂ ಮುಕ್ಕಾಲು ಎಕರೆ. ಐದು ಮೀಟರ್ ಅಂದ್ರೆ ಒಂದು ಗುಂಟೆ ಒಳಗೆ. "ಏಳೂ ಮುಕ್ಕಾಲು ಎಕರೆ ಅಡಿಕೆ ತೋಟದಲ್ಲಿ ಬಕೆಟ್ ಹುಡುಕೋಕೆ ಯಾರು ಹೋಗ್ತಾರೆ? ಅದಕ್ಕೇ ಮೊದಲು ಈ ಆಟ ಹುಟ್ಟಲಿಲ್ಲ" ಅಂದರು. ಮಗ ಹಿಂದಿನ ಸೀಟಿನಿಂದ "ಅಜ್ಜಾ, ನಾನು ಹೋಗ್ತಿದ್ದೆ" ಅಂದ.

ಹತ್ತೂವರೆಗೆ ತಲುಪಿದೆವು. ಸಣ್ಣ ಮಳೆ. ಅಪ್ಪ ಕೋಟಿನ ಜೇಬಿನಿಂದ ಒಂದು ನೋಟ್‌ಬುಕ್ ತೆಗೆದು ಗೆರೆ ಹಾಕಿಕೊಂಡರು. ಫಲಕದಿಂದ ದೂರ ಹೋಗಿ, ಬೇರೆ ಬೇರೆ ದಿಕ್ಕಿನಿಂದ ಮೂರು ಸಲ ವಾಪಸ್ ಬರಬೇಕು, ಪ್ರತಿ ಸಲ ಎರಡೂ ಜಿಪಿಎಸ್ ಒಂದು ನಿಮಿಷ ನಿಂತು ಓದಬೇಕು. ಒಂದೇ ಸಲ ನೋಡಿ ಬರೆದದ್ದನ್ನು ಅವರು ಅಳತೆ ಅಂತ ಒಪ್ಪುವುದಿಲ್ಲ. ಇಲ್ಲಿ ಒಂದು ವಿಷಯ ಕಲಿತೆ. ಉತ್ತರದ ಅಂಕಿಯಲ್ಲಿ ಕೊನೆಯದು ಒಂದು ಬದಲಾದರೆ 1.85 ಮೀಟರ್ ಸರಿದ ಹಾಗೆ. ಪಶ್ಚಿಮದ ಅಂಕಿಯಲ್ಲಿ ಒಂದು ಬದಲಾದರೆ ಇಲ್ಲಿ 1.3 ಮೀಟರ್ ಅಷ್ಟೇ. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆ ಹತ್ತಿರ ಆಗುತ್ತವಲ್ಲ, ಅದಕ್ಕೆ. ತೀರ್ಥಹಳ್ಳಿಯಲ್ಲಾದರೆ ಇದೇ 1.8 ಮೀಟರ್.

ಎರಡು ಜಿಪಿಎಸ್‌ಗಳ ಅಂಕಿಯೂ ಹೆಚ್ಚುಕಡಿಮೆ ಒಂದೇ ಬಂತು. ಯಾವುದೂ ಆ ಗುಂಟೆ ದಾಟಿ ಹೋಗಲಿಲ್ಲ. ಹಾಗಾದರೆ ಅಂಕಿಯಿಂದ ತೀರ್ಮಾನ ಆಗಲ್ಲ. ವ್ಯತ್ಯಾಸ ತಿಳಿದದ್ದು ಅಲ್ಲಿ ಬಚ್ಚಿಟ್ಟಿದ್ದ ಡಬ್ಬಿ ಹುಡುಕುವಾಗ.

ಡಬ್ಬಿ ಹತ್ತಿರ ಬಂದಾಗ ಏನಾಗುತ್ತೆ? ನಿಲ್ಲುತ್ತೇವೆ. ನಿಂತು ಸುತ್ತ ನೋಡುತ್ತೇವೆ. 22ಎಕ್ಸ್‌ನಲ್ಲಿ ದಿಕ್ಸೂಚಿ ಬೇರೆಯಾಗಿ ಇಲ್ಲ. ನಾವು ನಡೆಯುವ ದಿಕ್ಕಿನಿಂದಲೇ ಅದು ಬಾಣವನ್ನು ತಿರುಗಿಸುತ್ತೆ. ನಿಂತರೆ ನಾವು ಯಾವ ಕಡೆ ಮುಖ ಮಾಡಿದ್ದೇವೆ ಅಂತ ಅದಕ್ಕೆ ತಿಳಿಯುವ ದಾರಿ ಇಲ್ಲ. ಎಸ್ಇಯಲ್ಲಿ ದಿಕ್ಸೂಚಿ ಇದೆ. ಮಗ ನಿಂತಲ್ಲೇ ಒಂದು ಸುತ್ತು ತಿರುಗಿದ. ಬಾಣ ಮಾತ್ರ ಅದೇ ಪೊದೆ ಕಡೆ ನೆಟ್ಟ ಹಾಗೆ ಇತ್ತು. ಸೆಲ್ ಬದಲಿಸಿದಾಗ ಆ ದಿಕ್ಸೂಚಿಯನ್ನು ಮತ್ತೆ ಹೊಂದಿಸಬೇಕು, ಒಂದು ನಿಮಿಷದ ಕೆಲಸ. ಹುಡುಕುವ ಮಕ್ಕಳಿಗೆ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ.

ಇನ್ನೊಂದು ಅಪ್ಪನ ಕಣ್ಣಿಗೆ ಸಂಬಂಧಿಸಿದ್ದು. ಕನ್ನಡಕ ಮಳೆಗೆ ಮಂಜಾಗಿತ್ತು, ತೆಗೆದು ಜೇಬಿಗೆ ಹಾಕಿಕೊಂಡಿದ್ದರು. ಮರದ ನೆರಳಿನಲ್ಲಿ 22ಎಕ್ಸ್‌ನ ಬಣ್ಣದ ನಕ್ಷೆಯ ಸಣ್ಣ ಗೆರೆಗಳು ಅವರಿಗೆ ಕಾಣಲೇ ಇಲ್ಲ. ಲೈಟ್ ಹಾಕಿ, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಆಮೇಲೆ ಎಸ್ಇ ಕೈಗೆ ತಗೊಂಡು, ಕನ್ನಡಕ ಇಲ್ಲದೆಯೇ "ಹನ್ನೊಂದು ಮೀಟರ್" ಅಂತ ಗಟ್ಟಿಯಾಗಿ ಓದಿದರು. ಬಿಳಿ ಮೇಲೆ ದಪ್ಪ ಕಪ್ಪು ಅಕ್ಷರ. ಒದ್ದೆ ಕೈಗವಸು ಹಾಕಿಕೊಂಡೇ ಗುಂಡಿ ಒತ್ತಿದರು. ನಕ್ಷೆ ಬೇಕು ಅಂತ ಹಟ ಮಾಡಿದ್ದವರು ತಾವೇ ಹೇಳಿದರು, "ನಕ್ಷೆ ಕಾಗದದ್ದು ತಗೊಳ್ಳೋಣ. ಇಷ್ಟು ಸಣ್ಣ ಕಿಟಕಿಯಲ್ಲಿ ಗುಡ್ಡ ನೋಡೋಕಾಗಲ್ಲ."

ಸೆಲ್ ವಿಷಯದಲ್ಲೂ ಎಸ್ಇ ಮುಂದೆ. ಕಂಪನಿ ಹೇಳುವ ಪ್ರಕಾರ 22ಎಕ್ಸ್ 25 ಗಂಟೆ, ಎಸ್ಇ 168 ಗಂಟೆ. ಹೊಸ ಡಬ್ಬಿಗಳ ವಿವರ ಫೋನಿನಿಂದ ಬ್ಲೂಟೂತ್‌ನಲ್ಲಿ ಬರುತ್ತೆ, ಫೋನ್ ಚೀಲದ ಒಳಗೇ ಒದ್ದೆಯಾಗದೆ ಇರಬಹುದು. 22ಎಕ್ಸ್‌ಗಾದರೆ ಕಂಪ್ಯೂಟರಿಗೆ ವೈರ್ ಹಾಕಿ ತುಂಬಬೇಕು. ಆದರೂ ಒಂದು ಮಾತು: ಗುರುತು ಹಾಕಿದ ಹಾದಿ ಇಲ್ಲದ ಬೆಟ್ಟಗಳಲ್ಲಿ ಒಬ್ಬರೇ ನಡೆಯುವವರು 22ಎಕ್ಸ್ ತಗೊಂಡರೆ ನಾನು ತಪ್ಪು ಅನ್ನಲ್ಲ. ಅವರಿಗೆ ನಕ್ಷೆ ಬೇಕೇ ಬೇಕು. ನಮ್ಮ ಅಗತ್ಯ ಬೇರೆ.

ಡಬ್ಬಿ ಮಗನಿಗೇ ಸಿಕ್ಕಿತು. ಕೊನೆಯ ಐದಾರು ಮೀಟರ್‌ಗೆ ಅಪ್ಪ ಜಿಪಿಎಸ್ ಇಸಿದುಕೊಂಡು ಜೇಬಿಗೆ ಹಾಕಿ, "ಈಗ ಕಣ್ಣು" ಅಂದರು. ಪುಸ್ತಕದಲ್ಲಿ ಅಪ್ಪ ಕನ್ನಡದಲ್ಲೇ ಹೆಸರು ಬರೆದರು, ಕೆಳಗೆ ತೀರ್ಥಹಳ್ಳಿ ಅಂತ. ಮಗ ಒಂದು ಚಕ್ಕುಲಿ ಒಳಗಿಡಲು ಹೊರಟಿದ್ದ. ತಿನ್ನುವ ವಸ್ತು ಇಡಬಾರದು ಅಂತ ನಿಯಮ ಇದೆ, ಪ್ರಾಣಿಗಳು ಬರುತ್ತವೆ. "ಮತ್ತೆ ಬೀನ್ಸ್ ಯಾಕೆ ಇಟ್ಟಿದ್ರು?" ಅಂದ. ಆಗ ನಿಯಮ ಮಾಡಲು ಯಾರೂ ಇರಲಿಲ್ಲ, ಅದೇ ಮೊದಲನೇ ಡಬ್ಬಿ ಅಂದೆ. ಚಕ್ಕುಲಿ ಮೂವರೂ ಮುರಿದು ತಿಂದೆವು.

ಊರಿಗೆ ಹೋಗುವವರಿಗೆ ಒಂದು ಮುಖ್ಯವಾದ ವಿಷಯ ಬರೆದಿಡುತ್ತೇನೆ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಇನ್‌ರೀಚ್ ಥರದ ಸಾಧನಗಳನ್ನು ಭಾರತಕ್ಕೆ ಅನುಮತಿ ಇಲ್ಲದೆ ಒಯ್ಯುವ ಹಾಗಿಲ್ಲ. ವಿಮಾನ ನಿಲ್ದಾಣದಲ್ಲಿ ತಡೆದು ಕೇಸ್ ಹಾಕಿದ ಉದಾಹರಣೆಗಳಿವೆ. ಕುಮಾರ ಪರ್ವತಕ್ಕೋ ಕುದುರೆಮುಖಕ್ಕೋ ಬೇಕಾಗುತ್ತೆ ಅಂತ ಚೀಲಕ್ಕೆ ಹಾಕಿಕೊಳ್ಳಬೇಡಿ. ಎಸ್ಇಯಲ್ಲಿ ಸಂದೇಶದ ಸೌಲಭ್ಯ ಇಲ್ಲ. ಆದರೂ ಸುಮ್ನೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ನಿಲ್ಲುವುದು ಬೇಡ ಅಂತ ಅದನ್ನೂ ಇಲ್ಲೇ ಬಿಟ್ಟು ಹೋಗುತ್ತೇನೆ.

ಉಳಿದ 50 ಡಾಲರಿನಲ್ಲಿ ಚಾರ್ಜ್ ಮಾಡುವ ಸೆಲ್ ನಾಲ್ಕು, ಫಾರೆಸ್ಟ್ ಪಾರ್ಕಿನ ಕಾಗದದ ನಕ್ಷೆ ಒಂದು ತಂದೆವು. ಯಾವ ಥರದ ಸೆಲ್ ಹಾಕಿದ್ದೇವೆ ಅಂತ ಸೆಟ್ಟಿಂಗ್‌ನಲ್ಲಿ ಬದಲಿಸಬೇಕು, ಇಲ್ಲದಿದ್ದರೆ ಎಷ್ಟು ಚಾರ್ಜ್ ಉಳಿದಿದೆ ಅಂತ ಸರಿಯಾಗಿ ತೋರಿಸಲ್ಲ.

ಹೋದ ಭಾನುವಾರ ಚಳಿಗಾಲಕ್ಕೆ ಅಂತ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಿಟ್ಟ ಮೇಲೆ ಐದಕ್ಕೆ ಮೊದಲೇ ಕತ್ತಲು. ಕಾಫಿ ಆದ ಮೇಲೆ ಅಪ್ಪ ಕೇಳಿದರು, "ಇದಕ್ಕೆ ನಮ್ಮ ತೋಟದ ಅಂಕಿ ಹಾಕಬಹುದಾ?" ಫೋನಿನಲ್ಲಿ ಹುಡುಕಿ ಹಾಕಿದೆ. ಉತ್ತರ 13 ಡಿಗ್ರಿ 41 ಮಿನಿಟ್, ಪೂರ್ವ 75 ಡಿಗ್ರಿ 14 ಮಿನಿಟ್. ಹಿತ್ತಲಿಗೆ ಹೋಗಿ ನಿಂತೆವು. ದೂರ 13 ಸಾವಿರ ಕಿಲೋಮೀಟರ್ ಚಿಲ್ಲರೆ. ಬಾಣ ಪಶ್ಚಿಮಕ್ಕೆ ಹೋಗುತ್ತೆ ಅಂದುಕೊಂಡಿದ್ದೆ. ಅದು ಉತ್ತರಕ್ಕೆ ತಿರುಗಿತು, ಸ್ವಲ್ಪವೇ ಸ್ವಲ್ಪ ಪಶ್ಚಿಮ.

"ತಪ್ಪು ತೋರಿಸ್ತಿದೆ" ಅಂದ ಮಗ.

ಅಪ್ಪ ಒಳಗೆ ಹೋಗಿ ಅವನ ಗ್ಲೋಬ್ ತಂದು, ಲಾಡು ಡಬ್ಬಿಗೆ ಕಟ್ಟಿದ್ದ ದಾರ ಬಿಚ್ಚಿ, ಒರೆಗಾನ್‌ನಿಂದ ಕರ್ನಾಟಕಕ್ಕೆ ಬಿಗಿಯಾಗಿ ಹಿಡಿದರು. ದಾರ ಮೇಲಕ್ಕೆ ಹತ್ತಿ, ಹಿಮದ ಬಿಳಿ ಬಣ್ಣ ದಾಟಿ, ರಷ್ಯಾ ಮೇಲೆ ಇಳಿಯಿತು. ಆಮೇಲೆ ಗ್ಲೋಬ್ ಮಗನ ಕೈಗೆ ಕೊಟ್ಟು, ಜಿಪಿಎಸ್ ಹಿಡಿದು ಬಾಣದ ಕಡೆ ಮುಖ ಮಾಡಿ ನಿಂತರು. ಆ ಕಡೆ ಪಕ್ಕದ ಮನೆಯ ಗ್ಯಾರೇಜು. ಮಳೆ ಜೋರಾಗುವ ತನಕ ಅಲ್ಲೇ ನಿಂತಿದ್ದರು.